ಎರಡು ಗಿಡ್ಡ, ಒಂದು ಉದ್ದ

ಬುಧವಾರ, ಹದಿನೇಳನೆಯ ತಾರೀಖು
ಅಮ್ಮನ ಮನೆಯ ಅಟ್ಟದ ಕೋಣೆ

ಕಿಡಿ ಹಾರಿಸುವ ನನ್ನ ಯಜಮಾನರಿಗೆ, ಕಿಡಿಕಿಡಿಯಾಗಿರುವ ನಿಮ್ಮವಳ ನಮಸ್ಕಾರ.

ಅಮ್ಮನ ತಲೆನೋವು ಹಾಗೇ ಇದೆ. ಸದ್ದಾಗಬಾರದೆಂದು ಅಣ್ಣ ಬಾಗಿಲಿನ ವಿದ್ಯುತ್ ಕರೆಗಂಟೆಯ ಬಟ್ಟಲನ್ನೇ ಬಿಚ್ಚಿಟ್ಟಿದ್ದಾನೆ. ಬಂದವರು ಮೆಲ್ಲಗೆ ಕೂಗಬೇಕು. ಕ್ಷೇಮ ಸಮಾಚಾರ ಮುಗಿಯಿತು; ಇನ್ನು ವಿಚಾರಣೆ.

ನಾನು ಮನೆ ಬಿಟ್ಟು ಹದಿನೆಂಟು ದಿನ. ಕಾರಣ ನಿಮಗೆ ಗೊತ್ತು. ಊಟಕ್ಕೆ ಕೂತವರು, ಆಚೆ ದಡದ ನಿಸ್ತಂತು ಕೇಂದ್ರದವಳನ್ನು ನೆನೆದು, "ಆಹಾ, ಅವಳ ಕೈ ಎಷ್ಟು ನಾಜೂಕು ಕಣೇ!" ಎಂದಿರಿ. ಕೈ ಎಂದರೆ ಸಂದೇಶ ಒತ್ತುವ ರೀತಿ ಎಂದು ಆಮೇಲೆ ತಿಪ್ಪೆ ಸಾರಿಸಿದಿರಿ. ಇರಬಹುದು. ಆದರೆ ಆ "ಆಹಾ" ಯಾವ ಸಂಕೇತದ ಪಟ್ಟಿಯಲ್ಲಿದೆ?

ಕಳೆದುಹೋಯಿತೆಂದು ನೀವು ಹುಡುಕುತ್ತಿರುವ, ಲೋಹದ ಪುಡಿ ತುಂಬಿದ ಗಾಜಿನ ನಳಿಗೆ ನನ್ನ ಬಳಿ ಇದೆ. ಕದ್ದದ್ದು ನಾನೇ; ಈ ಅಟ್ಟದಲ್ಲಿ ಬ್ಯಾಟರಿ, ಸುತ್ತಿಗೆ ಸೇರಿಸಿ ಜೋಡಿಸಿಟ್ಟಿದ್ದೇನೆ. ಅದರ ಪುಡಿ ಅರೆದವಳೂ ನಾನೇ ತಾನೆ? ಎಲ್ಲಾದರೂ ಕಿಡಿ ಹಾರಿ ಅಲೆ ಬಂದರೆ ಪುಡಿ ಒಂದಕ್ಕೊಂದು ಅಂಟುತ್ತದೆ, ಬ್ಯಾಟರಿಯ ವಿದ್ಯುತ್ತು ಹರಿಯುತ್ತದೆ, ಪುಟ್ಟ ಸುತ್ತಿಗೆ ನಳಿಗೆಗೆ ಬಡಿದು ಪುಡಿಯನ್ನು ಮತ್ತೆ ಬಿಡಿಸುತ್ತದೆ. ಬಡಿದರೇ ಬುದ್ಧಿ ಬರುವ ಯಂತ್ರ, ನಿಮ್ಮ ಹಾಗೆ.

ಮದುವೆಯಾದ ಹೊಸದರಲ್ಲಿ ನೀವೇ ಪಾಠ ಮಾಡಿದಿರಿ. ಎರಡು ಹಿತ್ತಾಳೆ ಗುಂಡು, ನಡುವೆ ಕೊಂಚ ಗಾಳಿ. ವಿದ್ಯುತ್ತು ತುಂಬಿ ತುಂಬಿ, ಗಾಳಿ ತಡೆಯಲಾರದೆ ಸೋತಾಗ ಕಿಡಿ ಜಿಗಿಯುತ್ತದೆ. ಜಿಗಿದದ್ದು ಸುಮ್ಮನಾಗದೆ ಉಯ್ಯಾಲೆಯಂತೆ ಅತ್ತಿತ್ತ ತೂಗಿ ಅಡಗುತ್ತದೆ. ಆ ತೂಗಾಟವೇ ತಂತಿಕಂಬದಿಂದ ಅಲೆಯಾಗಿ ಹೊರಡುತ್ತದೆ. ಅಂತರವಿದ್ದರೇ ತರಂಗ ಎಂದಿರಿ. ಈಗ ನಮ್ಮಲ್ಲಿ ಅಂತರ ಬೇಕಾದಷ್ಟಿದೆ. ತರಂಗ ಮಾತ್ರ ಯಾರ ಅಂತರಂಗಕ್ಕೋ!

ಕಿಡಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಮಹಾಶಯರೇ. ಅದು ಊರಗಲ ಹರಡುತ್ತದೆ. ದಿನಾ ಸಂಜೆ ಐದೂವರೆಗೆ, ನಿಮ್ಮ ಪಾಳಿ ಮುಗಿದ ಮೇಲೆ, ನನ್ನ ಸುತ್ತಿಗೆ ಬಡಿಯುತ್ತದೆ: ಎರಡು ಗಿಡ್ಡ, ಒಂದು ಉದ್ದ. ಕೊನೆಯದನ್ನು ಎಳೆಯುವ ಚಾಳಿ ನಿಮ್ಮದೇ. ಹಗಲಿನ ಸರ್ಕಾರಿ ಸಂದೇಶಗಳಿಗಿಂತ ಬಲವೂ ಜಾಸ್ತಿ. ಅಷ್ಟು ಉತ್ಸಾಹ ಯಾರ ಮೇಲೆ? ಅಣ್ಣ ನಿಮ್ಮ ಕೇಂದ್ರದ ಗುಮಾಸ್ತರನ್ನು ವಿಚಾರಿಸಿದರೆ, "ಅವರಾ? ಐದು ಹೊಡೀತಿದ್ದ ಹಾಗೇ ಹೊರಟುಬಿಡ್ತಾರಪ್ಪ" ಎಂದರಂತೆ. ಗಂಡಸರೆಲ್ಲ ಒಂದೇ ಬ್ಯಾಟರಿಯ ಸೆಲ್ಲುಗಳು.

ನೇರವಾಗಿ ಕೇಳುತ್ತೇನೆ. ಅವಳಿಗೋ? ಹೌದಾದರೆ ಬರೆದು ತಿಳಿಸಿ, ನನ್ನ ಟ್ರಂಕನ್ನೂ ಕಳಿಸಿಬಿಡಿ. ಅಲ್ಲವಾದರೆ, ಯಾರಿಗೆ?

ಇನ್ನೂ ನಿಮ್ಮವಳೇ ಆದ,
ನಿಮ್ಮವಳು

ತಾ.ಕ.: ಲಕೋಟೆಗೆ ಅಂಟು ಹುಡುಕುತ್ತಾ ಕಿಟಕಿಯ ಬಳಿ ಹೋಗಿದ್ದೆ. ಐದೂವರೆ. ಹಿಂದೆ ಸುತ್ತಿಗೆ ಬಡಿಯಿತು: ಎರಡು ಗಿಡ್ಡ, ಒಂದು ಉದ್ದ. ಕೆಳಗೆ ನೋಡಿದರೆ ಬಾಗಿಲಲ್ಲಿ ನೀವು, ಬೆರಳು ಕರೆಗಂಟೆಯ ಗುಂಡಿಯ ಮೇಲೆ. ಬಟ್ಟಲು ಬಿಚ್ಚಿದರೂ ಗಂಟೆಯೊಳಗೆ ಕಿಡಿ ಹಾರುತ್ತಲೇ ಇರುತ್ತದೆ, ನನ್ನ ಸುತ್ತಿಗೆಯನ್ನು ದಿನಾ ಬಡಿಸಿದ್ದು ಅದೇ ಎಂದು ನನಗೆ ಹೊಳೆಯಲೇ ಇಲ್ಲ. ಈ ಪತ್ರ ಅಂಚೆಗೆ ಹಾಕುವುದಿಲ್ಲ. ಇಳಿದು ಬಂದು ಕೈಗೇ ಕೊಡುತ್ತೇನೆ. ಓದಿ ಜೋರಾಗಿ ನಗಬೇಡಿ, ಅಮ್ಮ ಮಲಗಿದ್ದಾರೆ. ಆದರೂ, ದಿನಾ ಬಂದು ಗುಂಡಿ ಒತ್ತಿ ಹಾಗೇ ಹಿಂತಿರುಗುವ ಬದಲು, ಹದಿನೆಂಟು ದಿನದಲ್ಲಿ ಒಂದು ಸಲವಾದರೂ ಬಾಯಿಬಿಟ್ಟು "ಲೇ" ಅನ್ನಬಾರದಿತ್ತೇ?