ಟೀಚರಮ್ಮನ ನೋಟ್‌ಬುಕ್ಕು ಮತ್ತು ನಲವತ್ತೆರಡು ಪಾಸ್‌ವರ್ಡ್

ಮನೆಯಿಂದ,
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ಅಣ್ಣಾ,

ಅಪ್ಪನ ಕಾಲಿನ ಊತ ಇಳಿಯಿತೇ? ಮಾತ್ರೆಯನ್ನು ನಾಲಿಗೆಯ ಕೆಳಗೆ ಅಡಗಿಸಿಟ್ಟುಕೊಂಡು ಆಮೇಲೆ ಉಗುಳುವ ಆಟ ಇನ್ನೂ ನಡೆದಿದೆಯೇ? ಬಾಯಿ ತೆರೆಸಿ ನೋಡು, ನಂಬಬೇಡ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು; ಮೂರು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ ಬೆನ್ನು ಏನಾಗಿದೆಯೋ. ಅಪ್ಪನ ಹಳೆಯ ಎಕ್ಸ್‌ರೇ ಕೊರಿಯರ್ ಮಾಡುತ್ತಿದ್ದೇನೆ, ಅದರ ಜೊತೆಗೇ ಈ ಪತ್ರ.

ನನಗಂತೂ ಸಾಕುಸಾಕಾಗಿದೆ. ಹೋದ ಗುರುವಾರ ಯಾರೋ ನಮ್ಮ ಆಫೀಸು ಆಸ್ಪತ್ರೆಗಾಗಿ ನಡೆಸುವ ಡೇಟಾಬೇಸ್‌ಗೆ ನುಗ್ಗಿ ಡಯಾಲಿಸಿಸ್ ರೋಗಿಗಳ ಸರದಿ ಪಟ್ಟಿಯನ್ನೇ ಅಳಿಸಿದರು. ಇನ್ನೊಂದು ಪ್ರತಿ ಇದ್ದದ್ದರಿಂದ ಮಧ್ಯಾಹ್ನದೊಳಗೆ ಎಲ್ಲ ಮರಳಿ ಬಂತು, ಆದರೆ ಬೆಳಗ್ಗೆ ಬಂದ ರೋಗಿಗಳು ನಾಲ್ಕು ಗಂಟೆ ಕಾದರು. ನುಗ್ಗಿದವರು ಸರಿಯಾದ ಪಾಸ್‌ವರ್ಡ್ ಹಾಕಿಯೇ ಬಂದಿದ್ದಾರೆ. ನೀನು ಕಟ್ಟಿದ ಪೈಪ್‌ಲೈನ್ ಇದೆಯಲ್ಲ, ಹೊಸ ಪ್ರೋಗ್ರಾಮನ್ನು ಪರೀಕ್ಷಿಸಿ ತಾನೇ ಸರ್ವರ್‌ಗೆ ಏರಿಸುವುದು, ಅದು ಬಳಸುವ ಪಾಸ್‌ವರ್ಡ್. ಈಗ ಅದರಲ್ಲಿರುವ ನಲವತ್ತೆರಡನ್ನೂ ಬದಲಾಯಿಸುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಒಂದನ್ನು ಬದಲಾಯಿಸಿದರೆ ಎರಡು ಕಡೆ ಕೆಲಸ ನಿಲ್ಲುತ್ತದೆ. ಯಾವುದನ್ನು ಎಲ್ಲೆಲ್ಲಿ ಬಳಸಿದ್ದೀಯ ಎಂದು ಒಂದು ಪಟ್ಟಿಯನ್ನಾದರೂ ಮಾಡಿಡಬಾರದಿತ್ತೇ, ಮಹಾನುಭಾವ?

ತಪ್ಪು ಮಾತ್ರ ನಿನ್ನ ಪಕ್ಕದ ಕುರ್ಚಿಯ ಟೀಚರಮ್ಮನ ಮೇಲೆ ಬಂದಿದೆ. ಶಾಲೆಯ ಕೆಲಸ ಬಿಟ್ಟು ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು, ಪಾಪ, ಪಾಸ್‌ವರ್ಡುಗಳನ್ನು ಮುತ್ತಿನಂಥ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ನಾವೆಲ್ಲ ಗೇಲಿ ಮಾಡುತ್ತಿದ್ದೆವು. ಆ ನೋಟ್‌ಬುಕ್ಕು ಈಗ ಮ್ಯಾನೇಜರ್ ಮೇಜಿನ ಮೇಲಿದೆ. "ಈ ಪಾಸ್‌ವರ್ಡ್ ನನಗೆ ಯಾರೂ ಕೊಟ್ಟೇ ಇಲ್ಲ, ಪುಟ ತಿರುಗಿಸಿ ನೋಡಿ" ಅಂದರು ಟೀಚರಮ್ಮ. "ಒಂದು ಪುಟ ಹರಿದಿದೆಯಲ್ಲ" ಎಂದು ಮ್ಯಾನೇಜರ್ ಅದನ್ನು ಮುಚ್ಚಿ ಪಕ್ಕಕ್ಕಿಟ್ಟರು. ಶುಕ್ರವಾರ ಹತ್ತು ಗಂಟೆಗೆ ಮೀಟಿಂಗ್, ಅವರನ್ನು ಕೆಲಸದಿಂದ ತೆಗೆಯುವುದಕ್ಕೆ. ಇವತ್ತು ಅವರು ಡ್ರಾಯರ್ ಖಾಲಿ ಮಾಡುತ್ತಿದ್ದುದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಅಪ್ಪನಿಗೆ ನಮಸ್ಕಾರ ಹೇಳು. ಹಟ ಮಾಡಿದರೆ ನನಗೆ ಫೋನ್ ಕೊಡು, ಗದರಿಸುತ್ತೇನೆ.

ನಿನ್ನ
ತಂಗಿ

ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಪೈಪ್‌ಲೈನ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಹಳೆಯ ಲಾಗ್‌ಗಳನ್ನು ಓದಿದೆ. ಪಾಸ್‌ವರ್ಡ್ ಬಂದ ಕಡೆಯಲ್ಲೆಲ್ಲ ಅದು ತಾನೇ ಚುಕ್ಕಿ ಹಾಕಿ ಮುಚ್ಚುತ್ತದೆ. ನೀನು ಅಪ್ಪನನ್ನು ಕರೆದುಕೊಂಡು ಹೊರಟ ದಿನ ಮಾತ್ರ, ಯಾರೋ ಈಗ ಕಳ್ಳರು ಬಳಸಿದ ಅದೇ ಪಾಸ್‌ವರ್ಡನ್ನು ಒಂದೊಂದು ಅಕ್ಷರದ ನಡುವೆ ಜಾಗ ಬಿಟ್ಟು ಲಾಗಿನಲ್ಲಿ ಬರುವಂತೆ ಮಾಡಿದ್ದಾರೆ. ಯಂತ್ರಕ್ಕೆ ಗುರುತು ಸಿಗದೆ ಹಾಗೇ ಬಿಟ್ಟಿದೆ. ಹೊರಗಿನ ಗುತ್ತಿಗೆದಾರರೂ ಓದುವ ಲಾಗ್ ಅದು. ಹಾಗೆ ಮಾಡಿದವರು ಎಂದು ಅದರಲ್ಲಿರುವ ಹೆಸರು ನಿನ್ನದು. ಆಸ್ಪತ್ರೆಯಿಂದ ಕೆಲಸ ಮಾಡಲು ಪಾಸ್‌ವರ್ಡ್ ಬೇಕಾಗುತ್ತದೆ ಎಂದು ಅವಸರದಲ್ಲಿ ನೋಡಿಕೊಂಡಿರುತ್ತೀಯ, ನನಗೆ ಗೊತ್ತು. ತೊಂಬತ್ತು ದಿನಕ್ಕೆ ಲಾಗ್ ತಾನೇ ಅಳಿಯುತ್ತದೆ, ನಾಳೆಗೆ ತೊಂಬತ್ತು. ಪ್ರತಿ ತೆಗೆದಿಟ್ಟಿದ್ದೇನೆ. ನಿನ್ನ ಕೆಲಸ ಹೋದರೆ ಅಪ್ಪನ ಚಿಕಿತ್ಸೆಗೆ ನಾನಿದ್ದೇನೆ. ಪತ್ರ ಗುರುವಾರ ನಿನ್ನ ಕೈ ಸೇರುತ್ತದೆ. ಶುಕ್ರವಾರ ಹತ್ತರೊಳಗೆ ನೀನೇ ಮ್ಯಾನೇಜರ್‌ಗೆ ಫೋನ್ ಮಾಡು ಅಣ್ಣಾ. ಮಾಡದಿದ್ದರೆ ಹತ್ತಕ್ಕೆ ಟೀಚರಮ್ಮನ ಜೊತೆ ನಾನು ಒಳಗೆ ಹೋಗುತ್ತೇನೆ.