ಐದನೆಯವರಿಗೆ ಮುಂದಿನ ಬಸ್ಸು

ಮನರಂಜನಾ ಉದ್ಯಾನದ ಶಟಲ್ ಬಸ್ಸುಗಳ ಹೊಣೆ ಹೊತ್ತಿರುವ ಮಾನ್ಯರೇ,

ನಾಲ್ಕು ದಿನಗಳಲ್ಲಿ ಹನ್ನೊಂದು ಸಲ ನಿಮ್ಮ ಬಸ್ಸುಗಳು ನನ್ನನ್ನು ನನ್ನ ಮನೆಯವರಿಂದ ಬೇರೆ ಮಾಡಿದವು. ಹನ್ನೊಂದನೆಯ ಸಲ, ನಾನು ಯಾವುದಕ್ಕಾಗಿ ಅಷ್ಟು ದೂರ ಬಂದಿದ್ದೆನೋ ಅದೇ ತಪ್ಪಿಹೋಯಿತು. ಈ ಬಗ್ಗೆ ನಿಮ್ಮ ಕಚೇರಿಗೆ ಎರಡು ಪುಟದ ದೂರು ಬರೆದೆ. ಮೂರು ವಾರದ ಮೇಲೆ ಅರ್ಧ ಪುಟದ ಉತ್ತರ ಬಂತು. ‘ತಮ್ಮ ಅನುಭವ ನಮಗೆ ಅಮೂಲ್ಯ’ ಎಂಬ ಸಾಲಿನ ಕೆಳಗೆ ಉಚಿತ ಪ್ರವೇಶದ ಚೀಟಿಯೊಂದನ್ನು ಪಿನ್ ಮಾಡಿದ್ದಿರಿ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಒಬ್ಬರಿಗೆ ಮಾತ್ರ’ ಎಂದಿತ್ತು. ಗಾಯಕ್ಕೆ ಉಪ್ಪು ಸವರುವವರು ಕೂಡ ಇಷ್ಟು ಅಚ್ಚುಕಟ್ಟಾಗಿ ಸವರುವುದಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಪತ್ರಿಕೆಯ ಮೂಲಕವೇ ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಉದ್ಯಾನವನ್ನು ಕಾಣದ ಓದುಗರಿಗೆ ಅಲ್ಲಿನ ವ್ಯವಸ್ಥೆ ತಿಳಿಯಬೇಕು. ಉಳಿಯುವ ಕೋಣೆಗಳು ಒಂದು ಕಡೆ, ಆಟಗಳು ಇನ್ನೊಂದು ಕಡೆ. ನಡುವೆ ಇಪ್ಪತ್ತು ನಿಮಿಷದ ದಾರಿ. ಸ್ವಂತ ವಾಹನ ಬಿಡುವುದಿಲ್ಲ, ಬಸ್ಸೇ ಗತಿ. ಕೋಣೆಯ ಕೀಲಿ ಕೊಡುವಾಗಲೇ ಎಲ್ಲರ ಮಣಿಕಟ್ಟಿಗೆ ಒಂದೊಂದು ಕಾಗದದ ಪಟ್ಟಿ ಸುತ್ತುತ್ತಾರೆ. ನಾಲ್ಕು ಜನರ ಕುಟುಂಬಕ್ಕೆ ನೀಲಿ ಪಟ್ಟಿ. ಅಂಥ ಕುಟುಂಬಕ್ಕೆ ನಿಮ್ಮಲ್ಲಿ ‘ಘಟಕ’ ಎಂದು ಹೆಸರು. ಬಸ್ಸಿಗೆ ಹನ್ನೆರಡು ಘಟಕ, ನಲವತ್ತೆಂಟು ಸೀಟು. ಕಾಗದದ ಮೇಲೆ ಎಲ್ಲ ಚೊಕ್ಕ. ಬಸ್ಸಿನೊಳಗೆ ಮಾತ್ರ ಹನ್ನೆರಡು ಘಟಕಗಳ ಮೇಲೆ ಇನ್ನೂ ಐದು ಘಟಕಗಳು ಕಂಬಿಗೆ ಜೋತುಬಿದ್ದಿರುತ್ತವೆ. ಇವೆಲ್ಲ ಮುಗಿದ ಮೇಲೆ ಬೂದು ಪಟ್ಟಿಯವರ ಸರದಿ. ಲೆಕ್ಕಕ್ಕಿಂತ ಒಬ್ಬರು ಹೆಚ್ಚಿರುವ ಮನೆಗಳಲ್ಲಿ ಆ ಒಬ್ಬರಿಗೆ ಬೂದು ಪಟ್ಟಿ ಎಂದು ನಾನು ಆಗ ತಿಳಿದಿದ್ದೆ. ನೀಲಿಯವರು ತಗಡಿನ ಚಾವಣಿಯ ಕೆಳಗೆ ನಿಲ್ಲುತ್ತಾರೆ, ಬೂದು ಪಟ್ಟಿಯವರು ಚಾವಣಿ ಮುಗಿಯುವಲ್ಲಿಂದ ಆಚೆ. ಬಸ್ಸು ಹೊರಡುವ ಮುಂಚೆ ಹಳದಿ ಜಾಕೆಟ್ಟಿನ ನೌಕರ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ ಕೂಗುತ್ತಾನೆ: “ಒಬ್ರೇ ಇರೋರು ಯಾರು? ಒಬ್ರು ಬನ್ನಿ.” ಕೈ ಎತ್ತಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ, ನೂರಾರು ಜನರ ಮುಂದೆ, ನಾನು ಒಬ್ಬಳೇ ಎಂದು ದಿನಕ್ಕೆ ಮೂರು ಸಲ ಕೈ ಎತ್ತಿ ಹೇಳಿಕೊಳ್ಳುವುದು ಎಂಥದೆಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಒಮ್ಮೆ ಪ್ರಯೋಗ ಮಾಡಿ ನೋಡಿದ್ದೀರಾ?

ನಾನು ಪಠ್ಯಪುಸ್ತಕಗಳ ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕಿಟಕಿ. ಮದುವೆಯಾಗಿಲ್ಲ, ಅದರ ಹಿಂದೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಸಂಜೆ ಮನೆಗೆ ಬಂದು ಒಂದು ಲೋಟ ಹಾಲು ಕಾಯಿಸಿಕೊಂಡು, ಯಾವುದಾದರೊಂದು ಕವನ ಸಂಕಲನ ಹಿಡಿದು ಕೂತರೆ ನನ್ನ ದಿನ ಮುಗಿಯಿತು. ಎರಡು ಬಡಾವಣೆಗಳಾಚೆ ನನ್ನ ತಮ್ಮನ ಮನೆ. ಅವನು, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೊಂದು, ಚಿಕ್ಕವಳಿಗೆ ಐದು. ರಜೆಗೆ ನಿಮ್ಮಲ್ಲಿಗೆ ಹೋಗುವ ಮಾತು ಎದ್ದಾಗ ದೊಡ್ಡವಳು ಹಟ ಹಿಡಿದಳು: “ಅತ್ತೆ ಬಂದ್ರೆ ಮಾತ್ರ ನಾನು ಬರೋದು.” ನಾನಿಲ್ಲದೆ ಬರುವುದಿಲ್ಲ ಎಂದು ನನ್ನ ಬಗ್ಗೆ ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ಮರುದಿನವೇ ಕಚೇರಿಯಲ್ಲಿ ರಜೆ ಕೇಳಿದೆ.

ಹಟದ ಹಿಂದೆ ಒಂದು ಗುಟ್ಟಿತ್ತು. ನಿಮ್ಮ ಕೆರೆಯಲ್ಲಿ ವಾರಕ್ಕೊಮ್ಮೆ ದೀಪದ ದೋಣಿಗಳ ಮೆರವಣಿಗೆ ನಡೆಯುತ್ತದೆ, ಕೊನೆಗೆ ಪಟಾಕಿ ಹಾರಿಸುತ್ತಾರೆ. ಅವಳಿಗೆ ದೋಣಿಗಳೆಂದರೆ ಆಸೆ, ಪಟಾಕಿಯೆಂದರೆ ಎದೆ ಡವಡವ. ಮೂರು ವರ್ಷದವಳಿದ್ದಾಗಿನಿಂದ ಎಲ್ಲಿ ಢಂ ಎಂದರೂ ಅವಳ ಮುಖ ನನ್ನ ಕಂಕುಳಲ್ಲಿ. ಈಗ ಹನ್ನೊಂದಾಯಿತು, ಅದನ್ನು ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ. “ಅಪ್ಪ ನಗ್ತಾರೆ. ನೀನು ನನ್ನ ಪಕ್ಕಾನೇ ಕೂತಿರ್ಬೇಕು, ಅಷ್ಟೇ,” ಎಂದು ಮಾತು ತೆಗೆದುಕೊಂಡಳು. ಮಾತು ಕೊಟ್ಟೆ. ನಾನು ಅಲ್ಲಿಗೆ ಬಂದದ್ದು ಇದೊಂದಕ್ಕೆ. ಉಯ್ಯಾಲೆ, ಜಾರುಬಂಡೆ, ತಲೆಕೆಳಗಾಗಿ ತಿರುಗುವ ತೊಟ್ಟಿಲು, ಯಾವುದೂ ನನಗೆ ಬೇಕಿರಲಿಲ್ಲ.

ಮೊದಲ ಬೆಳಿಗ್ಗೆ ಹಳದಿ ಜಾಕೆಟ್ಟಿನವನು ನನ್ನ ಮಣಿಕಟ್ಟು ನೋಡಿ, ಆ ಕಡೆ ಎಂದು ಕೈ ತೋರಿಸಿದ. ನಾನು ಇವರ ಜೊತೆಯವಳು ಎಂದೆ. ಜೊತೆಯವರೇ ಇರಬಹುದು ಮೇಡಂ, ಪಟ್ಟಿ ಬೇರೆ ಇದೆಯಲ್ಲ ಎಂದ. ತಮ್ಮ ಒಂದು ಹೆಜ್ಜೆ ಮುಂದೆ ಬಂದ, ಹಿಂದಿನವರು ಗೊಣಗಿದರು. ನಾನೇ, ನೀವು ಹೋಗಿ, ಮುಂದಿನದರಲ್ಲಿ ಬರುತ್ತೇನೆ ಎಂದುಬಿಟ್ಟೆ. ಅವತ್ತು ಅವರು ಉದ್ಯಾನದ ಬಾಗಿಲಲ್ಲಿ ನಲವತ್ತು ನಿಮಿಷ ಕಾದು ನಿಂತಿದ್ದರು. ಎರಡನೆಯ ದಿನ ಹದಿನೈದು ನಿಮಿಷ. ಮೂರನೆಯ ದಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ‘ಮಕ್ಕಳು ಅವಸರ ಮಾಡ್ತಿದಾರೆ, ನೀನು ನಿಧಾನವಾಗಿ ಬಾ’ ಎಂದು ಫೋನಿಗೆ ಸಂದೇಶ ಬಂದಿತ್ತು. ನನ್ನ ತಮ್ಮ ಕೆಟ್ಟವನಲ್ಲ, ಮಾನ್ಯರೇ. ಯಾರಾದರೇನು, ಸಲದಿಂದ ಸಲಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಕಾಯುತ್ತಾರೆ. ಬಾಗಿಲ ಮುಂದೆ ಅವರು ದಿನಾ ಒಂದು ಫೋಟೋ ತೆಗೆಸಿಕೊಂಡಿದ್ದಾರೆ. ನಾಲ್ಕರಲ್ಲೂ ನಾಲ್ಕೇ ಜನ. ನೋಡಿದವರು ಯಾರೂ ಏನೋ ಕೊರತೆಯಿದೆ ಎನ್ನುವುದಿಲ್ಲ.

ನಿಮ್ಮ ಬಸ್ಸಿನಲ್ಲಿ ಬದುಕುವ ವಿದ್ಯೆಯನ್ನು ನಾನು ಎರಡೇ ದಿನದಲ್ಲಿ ಕಲಿತೆ. ಮಡಚಿದ ಮಗುಗಾಡಿಯ ಪಕ್ಕ ನಿಲ್ಲಬಾರದು, ತಿರುವಿನಲ್ಲಿ ಅದು ಮೊಣಕಾಲಿಗೆ ಬಡಿಯುತ್ತದೆ. ನೀರಾಟ ಮುಗಿಸಿ ಬಂದವರಿಗೆ ಒತ್ತಿ ನಿಲ್ಲಬಾರದು. ಪ್ಲಾಸ್ಟಿಕ್ ಕತ್ತಿ ಹಿಡಿದ ಮಕ್ಕಳಿಗೆ ಬೆನ್ನು ತೋರಿಸಬಾರದು. ಪುಸ್ತಕವನ್ನು ಎದೆಯ ಮಟ್ಟಕ್ಕಿಂತ ಮೇಲೆ ಹಿಡಿದರೆ ಓದಬಹುದು. ಪುಟ ತಿರುಗಿಸಲು ಮಾತ್ರ ಮೂರನೆಯ ಕೈ ಬೇಕು. ಹಾಗಾಗಿ ನಾಲ್ಕು ದಿನ ಒಂದೇ ಕವಿತೆಯನ್ನು ಓದಿದೆ. ಎಪ್ಪತ್ತು ಜನರ ಉಸಿರು, ಬೆವರು, ಒದ್ದೆ ಟವೆಲ್ಲು, ಅಳು, ನಗು ಎಲ್ಲ ಮೈಗೆ ಒತ್ತಿಕೊಂಡಿರುವಾಗ ಒಂಟಿತನ ಕಾಡಬಾರದು ಎಂದು ನೀವು ಹೇಳಬಹುದು. ನನ್ನ ಎರಡು ಕೋಣೆಯ ಮನೆಯಲ್ಲಿ ಅದು ಬೆಕ್ಕಿನ ಹಾಗೆ ಒಂದು ಮೂಲೆ ಹಿಡಿದು ಮಲಗಿರುತ್ತದೆ, ನಾವಿಬ್ಬರೂ ಹೊಂದಿಕೊಂಡಿದ್ದೇವೆ. ನಿಮ್ಮ ಬಸ್ಸಿನಲ್ಲಿ, ಒಬ್ಬ ತಾಯಿ ನನ್ನ ಭುಜದ ಮೇಲಿಂದ ತನ್ನ ಮಗಳಿಗೆ ನೀರಿನ ಬಾಟಲಿ ದಾಟಿಸುವಾಗ, ನಾನು ದಾರಿ ಬಿಡಲೆಂದು ತಲೆ ಬಾಗಿಸಿದಾಗ, ಅದು ಎದ್ದು ಕೂತಿತು.

ಬೂದು ಪಟ್ಟಿಯ ಸಾಲಿನಲ್ಲಿ ಗಡಿಯಾರ ರಿಪೇರಿಯ ಹಿರಿಯರೊಬ್ಬರಿದ್ದರು. ಮಗಳ ಸಂಸಾರದ ಜೊತೆ ಬಂದಿದ್ದರು. ದಿನವೂ ಇಸ್ತ್ರಿ ಮಾಡಿದ ಅಂಗಿ. ನನ್ನ ಸಪ್ಪೆ ಮುಖ ನೋಡಿ ಸಮಾಧಾನ ಹೇಳಿದರು: “ಕಾಳಿನ ಚೀಲ ತುಂಬಿದ್ಮೇಲೂ ಒಂದ್ಸಲ ಅಲ್ಲಾಡಿಸಿದ್ರೆ ಇನ್ನೊಂದು ಸೇರು ಹಿಡಿಯುತ್ತಲ್ಲ, ಆ ಸೇರು ನಾವು. ಬೇಜಾರು ಮಾಡ್ಕೋಬೇಡಮ್ಮ.” ಒಮ್ಮೆ ಹಸಿರು ಪಟ್ಟಿಯ ಏಳು ಜನರ ಕುಟುಂಬವೊಂದು, ಅಜ್ಜಿ ಸಮೇತ, ಒಟ್ಟಿಗೇ ಹತ್ತಿತು. ಯಾರೋ ದೊಡ್ಡವರ ಕಡೆಯವರಿರಬೇಕು ಎಂದುಕೊಂಡೆವು. ಹಿರಿಯರು ಆ ಅಜ್ಜಿಯನ್ನು ಬಸ್ಸು ತಿರುಗುವವರೆಗೂ ನೋಡುತ್ತಿದ್ದರು.

ಇನ್ನು ಕೊನೆಯ ಸಂಜೆ. ಎಲ್ಲರೂ ಕೋಣೆಗೆ ಬಂದು ಒದ್ದೆ ಬಟ್ಟೆ ಬದಲಿಸಿ ಮತ್ತೆ ಹೊರಟೆವು. ದೊಡ್ಡ ಹುಡುಗಿ ನನ್ನ ಕೈ ಬಿಡಲಿಲ್ಲ, ಚಾವಣಿ ಮುಗಿಯುವವರೆಗೂ ಬಂದಳು. ಅವರ ಬಸ್ಸು ಐದೂವರೆಗೆ ಹೋಯಿತು. ಮೆರವಣಿಗೆ ಆರೂವರೆಗೆ. ನನ್ನ ಮುಂದೆ ಐದು ಬಸ್ಸು ಬಂದವು, ಐದೂ ಹೋದವು. ಹಳದಿ ಜಾಕೆಟ್ಟಿನವನು ಕೂಗಲೇ ಇಲ್ಲ. ಹತ್ತಿರ ಹೋಗಿ ಕೇಳಿದರೆ, ಇವತ್ತು ವಿಪರೀತ ರಶ್ಶು, ಮೆರವಣಿಗೆ ಶುರುವಾಗುವ ತನಕ ಘಟಕಗಳಿಗೆ ಮಾತ್ರ ಎಂದು ಮೇಲಿನಿಂದ ಹೇಳಿದ್ದಾರೆ ಎಂದ. ಒಂದು ಮಗು ಕಾಯುತ್ತಿದೆ ಎಂದೆ. ಮಗು ಅಪ್ಪ ಅಮ್ಮನ ಜೊತೆಯಲ್ಲಿಯೇ ಇದೆಯಲ್ಲವೇ ಎಂದು ಕೇಳಿದ. ಅವನದು ನ್ಯಾಯವಾದ ಪ್ರಶ್ನೆ. ಮತ್ತೆ ಸಾಲಿಗೆ ಬಂದು ನಿಂತೆ. ಆರನೆಯ ಬಸ್ಸಿನಲ್ಲಿ ಬಾಗಿಲ ಮೆಟ್ಟಿಲ ಮೇಲೆ ನಿಂತು ಹೋಗುವಾಗ, ದಾರಿಯ ಮಧ್ಯದಲ್ಲಿ ಆಕಾಶ ಢಂ ಎಂದಿತು. ಬಸ್ಸಿನ ತುಂಬ ಜನ ಕಿಟಕಿಯ ಕಡೆ ಬಾಗಿದರು. ನಾನು ಎಣಿಸಿದೆ, ಮಾನ್ಯರೇ. ಮೂವತ್ತೊಂದು.

ಕೆರೆಯ ದಂಡೆಯಲ್ಲಿ ಜನ ಎದ್ದು ಹೊರಟಿದ್ದರು. ಮೂರನೆಯ ಸಾಲಿನ ಕಲ್ಲುಬೆಂಚಿನ ಮೇಲೆ ಅವಳ ಜಾಕೆಟ್ಟು ಅಗಲವಾಗಿ ಹಾಸಿತ್ತು, ನನ್ನ ಜಾಗ. ಅದಕ್ಕಾಗಿ ಮೂರು ಜನರ ಜೊತೆ ಜಗಳ ಆಡಿದ್ದಳಂತೆ. ತಮ್ಮನ ಹೆಂಡತಿ, “ಅಕ್ಕ, ನಿಮ್ಮ ಸೊಸೆ ಇವತ್ತು ನಮ್ಮ ಮಾನ ಕಳೆದ್ಲು,” ಎಂದು ನಗುತ್ತಲೇ ಹೇಳಿದಳು. ಹುಡುಗಿ ನಗಲಿಲ್ಲ. ಅತ್ತಿರಲೂ ಇಲ್ಲ. ಕಿವಿಯ ಸುತ್ತ ಬೆರಳು ಒತ್ತಿದ ಕೆಂಪು ಗುರುತಿತ್ತು. ಜಾಕೆಟ್ಟು ಕೊಡವಿ ಹಾಕಿಕೊಳ್ಳುತ್ತ ಮೆಲ್ಲಗೆ ಕೇಳಿದಳು: “ಅತ್ತೆ, ಬೇರೆ ಬಸ್ಸಲ್ಲಿ ಬರೋದು ನಿಂಗೆ ಇಷ್ಟಾನಾ? ಅಪ್ಪ ಹೇಳಿದ್ರು, ಅವಳಿಗೆ ಒಬ್ಬಳೇ ಇದ್ರೇನೇ ಹಾಯಿ ಅಂತ.”

“ಹೂಂ ಪುಟ್ಟಿ, ಕಿಟಕಿ ಸೀಟು ಸಿಗುತ್ತೆ,” ಎಂದೆ.

ನಾಲ್ಕು ದಿನದಲ್ಲಿ ನನಗೆ ಒಂದು ಸಲವೂ ಕಿಟಕಿ ಸೀಟು ಸಿಕ್ಕಿರಲಿಲ್ಲ. ಅಸಲಿಗೆ ಸೀಟೇ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ, ಹೊರಡುವ ಮುಂಚೆ, ನಿಮ್ಮ ವಿಚಾರಣೆ ಕಿಟಕಿಗೆ ಹೋದೆ. ಮೈಯೆಲ್ಲ ಬೆಂಕಿಯಾಗಿತ್ತು. ಐದು ಜನ ಒಟ್ಟಿಗೆ ಬಂದರೆ ಒಬ್ಬರನ್ನು ಕಿತ್ತು ಹಾಕಲು ನಿಮಗೆ ಯಾವ ಅಧಿಕಾರ ಎಂದು ಕೇಳಿದೆ. ಕಿಟಕಿಯ ಹೆಣ್ಣುಮಗಳು ಕಡತ ತೆಗೆದು, ನಮ್ಮ ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಒಂಬತ್ತನೆಯ ಕಲಂ: ‘ಜನಸಂದಣಿಯ ವೇಳೆ ಪ್ರತ್ಯೇಕವಾಗಿ ಪ್ರಯಾಣಿಸಲು ಒಪ್ಪುವ ಸದಸ್ಯರು.’ ಅದರ ಮುಂದೆ ನನ್ನ ಹೆಸರು. ಪಕ್ಕದಲ್ಲಿ ಸರಿ ಗುರುತು. ಅಕ್ಷರ ನನ್ನದೇ.

“ಇದನ್ನ ಖಾಲಿ ಬಿಟ್ಟಿದ್ರೆ ಐದೂ ಜನಕ್ಕೆ ಹಸಿರು ಪಟ್ಟಿ ಕೊಡ್ತಿದ್ವಿ ಮೇಡಂ,” ಎಂದಳು. “ಒಟ್ಟಿಗೇ ಕಳಿಸ್ತಿದ್ವಿ.”

ನಮ್ಮ ಮನೆಯಲ್ಲಿ ಎಲ್ಲರ ಅರ್ಜಿ ತುಂಬುವವಳು ನಾನು. ಶಾಲೆಯದು, ವಿಮೆಯದು, ಆಸ್ಪತ್ರೆಯದು, ಎಲ್ಲ. ಕರಡು ತಿದ್ದುವ ಕೈ, ತಪ್ಪಾಗುವುದಿಲ್ಲ ಎಂದು ಅವರಿಗೆ ನಂಬಿಕೆ. ಆ ಅರ್ಜಿಯನ್ನೂ ಒಂದು ಭಾನುವಾರ ತಮ್ಮನ ಮನೆಯ ಮೇಜಿನ ಮೇಲೆ ನಾನೇ ತುಂಬಿದ್ದೆ. ಒಂಬತ್ತನೆಯ ಕಲಮಿನಲ್ಲಿ ಒಂದು ಕ್ಷಣವೂ ತಡೆಯಲಿಲ್ಲ. ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅಂಥ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಇನ್ಯಾರು? ಮದುವೆಯ ಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರುವವಳು, ಕಾರಿನಲ್ಲಿ ಜಾಗ ಸಾಲದಿದ್ದರೆ ಆಟೋ ಹಿಡಿಯುವವಳು, ಕೋಣೆ ಸಾಲದಿದ್ದರೆ ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುವವಳು. ನಡೆಯುತ್ತೆ ಬಿಡಿ, ನನಗೇನು, ಒಂಟಿ ಜೀವ ಎನ್ನುವವಳು. ಇಷ್ಟು ವರ್ಷ ಎಲ್ಲರೂ ನನ್ನನ್ನು ಬದಿಗೆ ಸರಿಸಿದರು ಎಂದುಕೊಂಡಿದ್ದೆ. ಎಷ್ಟು ಸಲ ನಾನೇ ಸರಿದು ನಿಂತಿದ್ದೇನೆಂದು ನಿಮ್ಮ ಕಿಟಕಿಯ ಮುಂದೆ ತಿಳಿಯಿತು. ಮಗಳಿಗೆ ನನ್ನ ತಮ್ಮ ಹೇಳಿದ್ದು ಸುಳ್ಳಲ್ಲ. ನಾನು ಅವನಿಗೆ ಕಲಿಸಿದ ಪಾಠವನ್ನೇ ಒಪ್ಪಿಸಿದ್ದಾನೆ.

ಹಾಗಾದರೆ ತಪ್ಪು ನಿಮ್ಮದಲ್ಲ, ದೂರು ಏಕೆ ಎನ್ನುವಿರಿ. ತಪ್ಪು ನನ್ನದೂ ಹೌದು. ಆದರೆ ಆ ಕಲಮನ್ನು ಬರೆದವರು ಯಾರು? ಸೀಟು ಹೆಚ್ಚಿಸಬಹುದಿತ್ತು, ಬಸ್ಸು ಹೆಚ್ಚಿಸಬಹುದಿತ್ತು. ನೀವು ಅದರ ಬದಲು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ ಎಂಬ ಭರವಸೆಯ ಮೇಲೆ ವೇಳಾಪಟ್ಟಿ ಹಾಕಿದ್ದೀರಿ. ಕೇಳುವ ಮುಂಚೆಯೇ ಏಳುವ ಒಬ್ಬ ಚಿಕ್ಕಮ್ಮ, ಒಬ್ಬ ಸೋದರಮಾವ, ಇಸ್ತ್ರಿ ಅಂಗಿಯ ಒಬ್ಬ ತಾತ. ನೀಲಿಯವರು ಒಟ್ಟಿಗೆ ಕೂರಲಿ, ಸಂತೋಷ. ಆ ಸಂತೋಷಕ್ಕೆ ಬೇಕಾದ ಜಾಗವನ್ನು ನೀವು ತೆಗೆದದ್ದು ನಮ್ಮ ಸಂಕೋಚದಿಂದ. ಖಾಲಿ ಬಿಟ್ಟರೆ ಹಸಿರು ಪಟ್ಟಿ ಸಿಗುತ್ತದೆ ಎಂದು ಅರ್ಜಿಯಲ್ಲಿ ಎಲ್ಲಿ ಬರೆದಿದ್ದೀರಿ? ಎರಡು ಸಲ ಓದಿದೆ, ಮಾನ್ಯರೇ, ಓದುವುದು ನನ್ನ ಕಸುಬು. ಎಲ್ಲಿಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಉಚಿತ ಚೀಟಿಯನ್ನು ನನ್ನ ಹೆಸರು, ವಿಳಾಸದೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಒಂಬತ್ತನೆಯ ಕಲಮನ್ನು ಅರ್ಜಿಯಿಂದ ತೆಗೆದುಹಾಕಿ. ಅದು ಆಗುವ ತನಕ, ನಮ್ಮ ಅರ್ಜಿಯಲ್ಲಿ ನನ್ನ ಹೆಸರಿನ ಮುಂದಿರುವ ಸರಿ ಗುರುತನ್ನು ಹೊಡೆದುಹಾಕಿ, ‘ಒಪ್ಪಿಗೆ ಇಲ್ಲ’ ಎಂದು ಬರೆದು, ಮುದ್ರೆ ಒತ್ತಿ, ಪ್ರತಿಯನ್ನು ನನಗೆ ಕಳುಹಿಸಿ. ಮುಗಿದುಹೋದ ಪ್ರವಾಸಕ್ಕೆ ಇದೆಲ್ಲ ಏಕೆ ಎಂದು ಕೇಳಬೇಡಿ. ನನಗೆ ಆ ಪ್ರತಿ ಬೇಕು.

ಪತ್ರಿಕೆಗೆ ಬರೆದ ಇನ್ನೊಂದು ಕಾರಣ: ನನ್ನ ತಮ್ಮನ ಮನೆಗೆ ಈ ಪತ್ರಿಕೆ ಬರುತ್ತದೆ. ಅವನು ತಲೆಬರಹ ಓದಿ ಮಡಚಿಡುತ್ತಾನೆ. ಮಗಳು ಪದಬಂಧಕ್ಕಾಗಿ ಈ ಪುಟವನ್ನು ತೆಗೆಯುತ್ತಾಳೆ. ಅವಳ ಪ್ರಶ್ನೆಗೆ ಆ ಸಂಜೆ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ತಿದ್ದುಪಡಿ ಹೀಗಿದೆ: ಇಲ್ಲ ಪುಟ್ಟಿ, ನನಗೆ ಇಷ್ಟವಿಲ್ಲ. ಒಂದು ಸಲವೂ ಇಷ್ಟವಾಗಿರಲಿಲ್ಲ.

ಇಂತಿ,
ಚಾವಣಿ ಮುಗಿದ ಮೇಲೆ ನಿಂತವರಲ್ಲಿ ಒಬ್ಬಳು,
ಐವರಲ್ಲಿ ಐದನೆಯವಳು