ಮೂಸುವವರಿಲ್ಲದ ಬಿಲ್ಲೆಗಳು

ಮೊಮ್ಮಗಳೇ,

ಬೇರೆ ಊರಲ್ಲಿ ಕೆಲಸ ಸಿಕ್ಕಿದ್ದೇ ತಡ, ಅಜ್ಜಿಗೆ ಎರಡು ಸಾಲು ಬರೆಯಲು ನಿನ್ನ ಕೈಗೇನು ಲಕ್ವ ಹೊಡೆದಿದೆಯೇನೇ? ನೀನು ಅಚ್ಚು ಹೊಯ್ದಿಟ್ಟು ಹೋದ ಪರಿಮಳದ ಮೇಣದ ಬಿಲ್ಲೆಗಳನ್ನು ತೂಗಿ, ಹೆಸರಿನ ಚೀಟಿ ಅಂಟಿಸುತ್ತಿದ್ದೇನೆ. ಎಲ್ಲವೂ ಬಿಳಿ. ಜ್ವರ ಬಂದಾಗಿನಿಂದ ನನ್ನ ಮೂಗು ಸತ್ತಿರುವುದು ನಿನಗೆ ಗೊತ್ತೇ ಇದೆ. ನಿನ್ನೆ ಅಂಗಡಿಯವನು ಬಂದು, "ಅಜ್ಜೀ, ಚೀಟಿ ಗುಲಾಬಿ ಅನ್ನುತ್ತೆ, ಬಿಲ್ಲೆ ನಿಂಬೆ ಅನ್ನುತ್ತೆ, ಯಾರನ್ನ ನಂಬಲಿ?" ಅಂದ. ಇನ್ನೊಮ್ಮೆ ಹೀಗಾದರೆ ಕೊಳ್ಳುವುದಿಲ್ಲವಂತೆ.

ತೂಗಿದ್ದನ್ನು ಈಗಲೂ ಮೇಜಿನಾಚೆ ನಿನ್ನ ಕುರ್ಚಿಯ ಕಡೆಗೇ ತಳ್ಳುತ್ತೇನೆ, ನೀನು ಮೂಸಿ ಹೆಸರು ಹೇಳುತ್ತೀಯೆಂದು. ಅಲ್ಲಿ ಗುಡ್ಡೆ ಬಿದ್ದಿದೆ. ಅದಕ್ಕೆ ನಿನ್ನ ಮೂಗೇ ಬೇಕು. ಮೂಗನ್ನಷ್ಟೇ ಅಂಚೆಯಲ್ಲಿ ಕಳಿಸಲಾಗದು, ಜೊತೆಗೆ ನೀನೂ ಬರಬೇಕಾಗುತ್ತದೆ. ಯಾವತ್ತು ಬರುತ್ತೀ, ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ.

ನಿನ್ನ ಅಜ್ಜಿ